ಸಾಕುನಾಯಿಗೆ ಹಠಾತ್ತನೆ ಕಾಯಿಲೆ ಬಂದಾಗ ಗುರುತಿಸುವ ಬಗೆ

ಮೂಡಿಗೆರೆ, ಕೊಪ್ಪ ಕಡೆಯ ತೋಟದ ಮನೆಗಳಲ್ಲಿ ನಾಯಿಗೆ ಮೈ ಸರಿಯಿಲ್ಲವೆಂದು ಮನೆಯವರಿಗೆ ಗೊತ್ತಾಗುವುದು ಸಾಮಾನ್ಯವಾಗಿ ಅದು ಅನ್ನ ಬಿಟ್ಟಾಗ. ಒಂದು ಹೊತ್ತು ಅನ್ನ ಬಿಟ್ಟ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ. ಹಾಗೆಯೇ, ತಟ್ಟೆ ಖಾಲಿಯಾಗಿದೆಯೆಂದು ನಿಶ್ಚಿಂತರಾಗಿರುವಂತೆಯೂ ಇಲ್ಲ.

ನಾನು ಮೊದಲು ನೋಡುವುದು ಒಸಡನ್ನು. ನಾಯಿ ಆರೋಗ್ಯವಾಗಿರುವಾಗಲೇ ಮೇಲ್ದುಟಿಯನ್ನು ಎತ್ತಿ, ಕೋರೆಹಲ್ಲಿನ ಮೇಲ್ಭಾಗದ ಒಸಡನ್ನು ಬೆರಳಿನಿಂದ ಒತ್ತಿ ಬಿಟ್ಟು ನೋಡುವುದನ್ನು ರೂಢಿಸಿಕೊಳ್ಳಬೇಕು. ಒತ್ತಿದ ಜಾಗ ಬಿಳಿಚಿಕೊಂಡು ಸುಮಾರು 2 ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ತಿರುಗಬೇಕು. ಒಸಡು ಹುಟ್ಟಾ ಕಪ್ಪಾಗಿದ್ದರೆ ಕೆಳರೆಪ್ಪೆಯ ಒಳಭಾಗವನ್ನು ನೋಡಬಹುದು. ಬಿಳಿಚಿದ ಒಸಡು ರಕ್ತ ಕಡಿಮೆಯಾಗಿರುವುದನ್ನು ಅಥವಾ ದೇಹದೊಳಗೆ ರಕ್ತ ಸೋರುತ್ತಿರುವುದನ್ನು ಸೂಚಿಸಬಹುದು, ನೀಲಿಯಾದರೆ ಆಮ್ಲಜನಕ ಸಾಲುತ್ತಿಲ್ಲ, ಹಳದಿಯಾದರೆ ಕಾಮಾಲೆ. ಮಲಗಿರುವ ನಾಯಿ ನಿಮಿಷಕ್ಕೆ 10ರಿಂದ 30 ಸಲ ಉಸಿರಾಡುತ್ತದೆ. ಅದರ ಮೈಬಿಸಿ ಸಹಜವಾಗಿಯೇ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುವುದರಿಂದ ನಮ್ಮ ಜ್ವರದ ಲೆಕ್ಕ ಅದಕ್ಕೆ ಹೊಂದುವುದಿಲ್ಲ. ಮೂಗು ಒಣಗಿದೆಯೇ, ಒದ್ದೆಯಾಗಿದೆಯೇ ಎಂಬುದನ್ನು ನಾನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ.

ಮೂತ್ರದ ಬಣ್ಣವನ್ನು ಮಾತ್ರ ತೋಟದಲ್ಲಿ ಯಾರೂ ನೋಡುವುದಿಲ್ಲ, ಹುಲ್ಲಿನಲ್ಲಿ ಅದು ಕಾಣುವುದೂ ಇಲ್ಲ. ನಮ್ಮ ನಾಯಿ ಒಂದು ಬೆಳಿಗ್ಗೆ ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ಕಾಲೆತ್ತಿದಾಗ ಸಿಮೆಂಟಿನ ಮೇಲೆ ಹರಿದದ್ದು ಡಿಕಾಕ್ಷನ್ ಬಣ್ಣದ ಮೂತ್ರ. ಹಿಂದಿನ ರಾತ್ರಿ ಅದು ಎಂದಿನಂತೆ ಉಂಡು ಮಲಗಿತ್ತು. ಉಣುಗುಗಳಿಂದ ಹರಡುವ ಬಬೇಸಿಯಾ ಎಂಬ ಪರೋಪಜೀವಿ ಕೆಂಪು ರಕ್ತಕಣಗಳನ್ನು ಒಡೆಯುವುದರಿಂದ ಮೂತ್ರಕ್ಕೆ ಈ ಬಣ್ಣ ಬರುತ್ತದೆ. ಆಗ ಕಿವಿಯೊಳಗೆ ಮತ್ತು ಬೆರಳ ಸಂದಿಗಳಲ್ಲಿ ಉಣುಗು ಇದೆಯೇ ಎಂದು ನೋಡಬೇಕಾದರೂ, ಒಂದೂ ಸಿಗದಿದ್ದ ಮಾತ್ರಕ್ಕೆ ಆಸ್ಪತ್ರೆಗೆ ಹೋಗುವುದನ್ನು ಮುಂದೂಡಬಾರದು.

ಕೆಲವು ಲಕ್ಷಣಗಳು ಕಂಡರೆ ಬೆಳಗಾಗುವವರೆಗೆ ಕಾಯುವಂತಿಲ್ಲ. ಮುಖ ಅಥವಾ ಕಾಲು ಇದ್ದಕ್ಕಿದ್ದಂತೆ ಊದಿ ರಕ್ತ ಒಸರುತ್ತಿದ್ದರೆ ಮಂಡಲದ ಹಾವಿನ ಕಡಿತವನ್ನೂ, ರೆಪ್ಪೆ ಜೋತುಬಿದ್ದು ಹಿಂಗಾಲು ತೊಡರುತ್ತಿದ್ದರೆ ನಾಗರಹಾವಿನ ಕಡಿತವನ್ನೂ ಶಂಕಿಸಬೇಕು. ದೊಡ್ಡ ತಳಿಯ ನಾಯಿಯ ಹೊಟ್ಟೆ ಉಬ್ಬಿ, ವಾಂತಿಗೆ ಓಕರಿಸಿದರೂ ಏನೂ ಹೊರಬರದಿದ್ದರೆ ಜಠರ ತಿರುಚಿಕೊಂಡಿರಬಹುದು. ಇದು ಕೆಲವೇ ಗಂಟೆಗಳಲ್ಲಿ ಪ್ರಾಣ ತೆಗೆಯುತ್ತದೆ. ಬಸವನಹುಳುಗಳಿಗೆಂದು ತೋಟದಲ್ಲಿಡುವ ಮೆಟಾಲ್ಡಿಹೈಡ್ ಗುಳಿಗೆಯನ್ನು ತಿಂದ ನಾಯಿಗೆ ಮೈ ನಡುಕ ಶುರುವಾಗಿ ಸೆಳೆತ ಬರುತ್ತದೆ. ಮಳೆಗಾಲದಲ್ಲಿ ಒಂದೇ ಹೊಳ್ಳೆಯಿಂದ ರಕ್ತ ಬಂದು ನಾಯಿ ಸೀನುತ್ತಿದ್ದರೆ ಮೂಗಿನೊಳಗೆ ಜಿಗಣೆ ಸೇರಿರಬಹುದು. ಇದು ಅಷ್ಟು ಅವಸರದ್ದಲ್ಲವಾದರೂ, ಅದನ್ನು ಮನೆಯಲ್ಲೇ ಕೀಳಲು ಹೋಗಬಾರದು.

ದವಡೆ ಜೋತು, ಜೊಲ್ಲು ಸುರಿಸುತ್ತಾ, ಬೊಗಳುವ ಧ್ವನಿ ಬದಲಾಗಿರುವ ನಾಯಿಯ ಬಾಯಿಗೆ, ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಭಾವಿಸಿ ಕೈಹಾಕುವುದು ಬಹಳ ಅಪಾಯಕಾರಿ, ಏಕೆಂದರೆ ಅದು ರೇಬೀಸ್ ಆಗಿರಬಹುದು. ಪ್ಯಾರಾಸಿಟಮಾಲ್, ಐಬುಪ್ರೊಫೇನ್‌ನಂತಹ ನಮ್ಮ ಮಾತ್ರೆಗಳನ್ನು ನಾಯಿಗೆ ಕೊಡಲೇಬಾರದು.

ಹತ್ತಿರದ ಪಶು ಆಸ್ಪತ್ರೆಗಾಗಲಿ, ಹಾಸನದ ಪಶುವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಗಾಗಲಿ ಹೊರಡುವ ಮುನ್ನ ಫೋನ್ ಮಾಡಿ, ಲಕ್ಷಣ ಮೊದಲು ಕಂಡದ್ದು ಎಷ್ಟು ಗಂಟೆಗೆ, ಒಸಡಿನ ಬಣ್ಣ ಹೇಗಿದೆ, ನಾಯಿಯ ತೂಕ ಸುಮಾರು ಎಷ್ಟು ಎಂಬುದನ್ನು ತಿಳಿಸಬೇಕು. ವಿಷ ತಿಂದಿರುವ ಅನುಮಾನವಿದ್ದರೆ ಗೋದಾಮಿನಿಂದ ಆ ಔಷಧಿಯ ಪೊಟ್ಟಣವನ್ನೂ ಜೊತೆಗೆ ಒಯ್ಯಬೇಕು.