ಕರಿ ಹೊಗೆ ಪಿಕಪ್: ಪಂಪ್ ಬಿಟ್ಟು ಪೈಪ್ ಹಿಡಿದ ಕತೆ

ನಾಲ್ಕು ಸಲ ಹೊಗೆ ಟೆಸ್ಟ್ ಫೇಲ್ ಆಗಿದ್ದ 2009ರ ಡೀಸೆಲ್ ಪಿಕಪ್ ಕಳೆದ ತಿಂಗಳು ಪಾಸ್ ಆಯ್ತು. 'ಎಂಜಿನ್ ಇಳಿಸದೆ ಆಗಲ್ಲ, ಬೇಕಾದ್ರೆ ಬರೆದು ಕೊಡ್ತೀನಿ' ಅಂದಿದ್ದವರೆಲ್ಲ ಶಿವಮೊಗ್ಗದ ನಮ್ಮ ಆಟೋ ಕಾಂಪ್ಲೆಕ್ಸ್‌ನಲ್ಲೇ, ನನ್ನ ಹಾಗೆ ಗ್ಯಾರೇಜ್ ಇಟ್ಟುಕೊಂಡು ಇದ್ದಾರೆ. ಅವರೂ ಓದಲಿ ಅಂತಲೇ ಬರೆಯುತ್ತಿದ್ದೇನೆ.

ಗಾಡಿ ತೀರ್ಥಹಳ್ಳಿ ಕಡೆಯದು. ಅಡಿಕೆ ಮೂಟೆ ಹೇರಿಕೊಂಡು ಇಲ್ಲಿನ ಮಂಡಿಗೆ ಬರುತ್ತದೆ. ಮಂಡಗದ್ದೆ ಹತ್ತಿರ ಹಿಂದೆ ಬರುವ ಬೈಕಿನವನು ಹಗಲಲ್ಲೇ ಹೆಡ್‌ಲೈಟ್ ಹಾಕಬೇಕು, ಅಷ್ಟು ಹೊಗೆ. ಬಿಎಸ್ 3 (ಹಳೇ ಹೊಗೆ ನಿಯಮದ) ಗಾಡಿ, ಕೆ ವ್ಯಾಲ್ಯೂ, ಅಂದ್ರೆ ಹೊಗೆ ಎಷ್ಟು ದಟ್ಟ ಅನ್ನೋ ಅಳತೆ, 2.45 ಒಳಗೆ ಇರಬೇಕು. ಇದ್ದದ್ದು 4.2.

ನಾನೂ ಎಲ್ಲರ ಹಾಗೆ ಮೊದಲು ಎಂಜಿನ್‌ಗೆ ಡೀಸೆಲ್ ಅಳೆದು ಕೊಡುವ ಪಂಪಿಗೇ ಕೈ ಹಾಕಿದೆ. ಕ್ಯಾಲಿಬ್ರೇಷನ್‌ಗೆ 8,500 ಹೋಯ್ತು, ರೀಡಿಂಗ್ 3.6. ಡೀಸೆಲ್ ಚಿಮ್ಮಿಸುವ ನಾಲ್ಕು ನಾಝಲ್ ಹೊಸದು ಹಾಕಿದೆ, ಇನ್ನೊಂದು 5 ಸಾವಿರದ ಹತ್ತಿರ. 3.1. ಓನರ್ ಮುಖ ನೋಡೋಕಾಗದೆ ನಾಝಲ್ ದುಡ್ಡಲ್ಲಿ ಅರ್ಧ ನಾನೇ ಹಾಕಿದೆ. ಆಮೇಲೆ ಪಂಪಿನ ಸ್ಕ್ರೂ ಹಿಂದಕ್ಕೆ ತಿರುಗಿಸಿ ಡೀಸೆಲ್ಲೇ ಕಮ್ಮಿ ಮಾಡಿದೆ. 2.6ಕ್ಕೆ ಬಂತು, ಇನ್ನೇನು ಪಾಸ್ ಅಂದುಕೊಂಡೆ. ಎರಡೇ ದಿನಕ್ಕೆ ಫೋನ್: ಆಗುಂಬೆ ಘಾಟಿ ಹತ್ತುವಾಗ ಐದನೇ ತಿರುವಲ್ಲಿ ನಿಂತಿದೆ. ಹದಿನಾಲ್ಕು ತಿರುವಲ್ಲಿ ಇನ್ನೂ ಒಂಬತ್ತು ಬಾಕಿ! ಸ್ಕ್ರೂ ಮತ್ತೆ ಇದ್ದಲ್ಲಿಗೇ ಬಂತು. 'ಗಾಡಿ ತರೋದೇ ಬೇಡ, ಸರ್ಟಿಫಿಕೇಟ್ ಕೊಡಿಸ್ತೀನಿ' ಅಂತ ಒಬ್ಬರು ಓನರ್‌ಗೆ ಹೇಳಿದ್ದೂ ಆಗಲೇ.

ಐಡ್ಲಿಂಗ್‌ನಲ್ಲಿ ಹೊಗೆ ಇಲ್ಲ, ರೇಸ್ ಕೊಟ್ಟರೆ ಮಾತ್ರ. ಇದನ್ನು ಮೊದಲ ದಿನವೇ ನೋಡಿದ್ದೆ, ತಲೆಗೆ ಹೋಗಿರಲಿಲ್ಲ. ಒಂದು ರಾತ್ರಿ ಅಕ್ಕಪಕ್ಕದ ಶೆಡ್‌ಗಳೆಲ್ಲ ಬಾಗಿಲು ಹಾಕಿದ ಮೇಲೆ ರೇಸ್ ಮಾಡಿದೆ. ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ ಶಿಳ್ಳೆಯ ಜೊತೆ ಸಣ್ಣಗೆ ಬುಸ್ ಅಂತ ಸದ್ದು. ಎಲ್ಲೋ ಗಾಳಿ ಸೋರ್ತಿದೆ ಅನ್ನಿಸ್ತು.

ಎಲ್ಲಿ ಅಂತ ಹುಡುಕೋಕೆ ಟರ್ಬೊ ಗಾಳಿ ಎಳೆಯುವ ಬಾಯಿಗೆ ಪಿವಿಸಿ ಎಂಡ್ ಕ್ಯಾಪ್ ಹಾಕಿ, ಅದಕ್ಕೆ ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿದೆ. ಖರ್ಚು 90 ರೂಪಾಯಿ ಇರಬಹುದು. ಕಂಪ್ರೆಸರ್‌ನಿಂದ 15 ಪಿಎಸ್‌ಐ ಒತ್ತಡದ ಗಾಳಿ ಸಾಕು. ಮೊದಲ ಸಲ 30 ಕೊಟ್ಟೆ, ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪ್ ಮುಚ್ಚೋದೂ ಮರೆತೆ. ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್, ಹಾರಿ ಅಂಗಿಯೆಲ್ಲ ಆಯಿಲ್. ಆಮೇಲೆ ಸೋಪಿನ ನೀರು ಬಳಿದು ನೋಡಿದರೆ ಟರ್ಬೊ ಗಾಳಿ ತಣಿಸುವ ಇಂಟರ್‌ಕೂಲರ್‌ನ ಕೆಳಗಿನ ಹೋಸ್‌ನಲ್ಲಿ, ಕ್ಲ್ಯಾಂಪ್ ಪಕ್ಕ, ನೊರೆ ಗುಳ್ಳೆ. ಇಲಿ ಕಡಿದದ್ದು. ಗಾಡಿ ರಾತ್ರಿ ಅಡಿಕೆ ಅಂಗಳದಲ್ಲೇ ನಿಲ್ಲುತ್ತಲ್ವಾ. ಸುಮ್ನೆ ಇದ್ದಾಗ ಸೀಳು ಕೂಡಿಕೊಂಡಿರುತ್ತೆ, ಪ್ರೆಶರ್ ಬಂದಾಗ ಬಾಯಿ ಬಿಡುತ್ತೆ. ಡೀಸೆಲ್ ಪೂರ್ತಿ, ಗಾಳಿ ಅರ್ಧ. ಹೊಗೆ ಬರದೆ ಇನ್ನೇನು?

ಹೊಸ ಹೋಸ್ 1,200. ರೀಡಿಂಗ್ 1.9. ಟ್ಯಾಪೆಟ್ (ಎಂಜಿನ್ ವಾಲ್ವ್‌ಗಳ ಸಂದು) ಸೆಟ್ ಮಾಡಿ, ಪಂಪಿನಲ್ಲಿ ಒಂದು ಸಣ್ಣ ಕೆಲಸ ಮಾಡಿ 1.4ಕ್ಕೆ ಇಳಿಸಿದೆ. ಆ ಕೆಲಸ ಏನು ಅಂತ ಇಲ್ಲಿ ಬರೆಯಲ್ಲ, ಹೊಟ್ಟೆಪಾಡು.

ಇದರ ಮಧ್ಯೆ, ನಮ್ಮ ಗಾಳಿಯಲ್ಲಿ ಹೊಗೆ ಎಷ್ಟಿದೆ ನೋಡೋಣ ಅಂತ ಒಂದು ಹುಚ್ಚಾಟವೂ ನಡೆಯಿತು. ಡಿಸೆಂಬರ್‌ನಲ್ಲಿ ಹಳೇ ಪಂಚೆ ಹರಿದು ಒಂದು ತುಂಡು ಶೆಡ್ ಗೇಟಿಗೆ, ಇನ್ನೊಂದು ತುಂಗಾ ಅಣೆಕಟ್ಟಿರುವ ಗಾಜನೂರಿನ ನೆಂಟರ ಮನೆ ಬೇಲಿಗೆ ಕಟ್ಟಿದೆ. ಹದಿನೈದು ದಿನ ಬಿಟ್ಟು ಎರಡನ್ನೂ ಒಗೆದೆ. ಗಾಜನೂರಿನದು ಮಣ್ಣು ಬಿಟ್ಟು ಬೆಳ್ಳಗಾಯ್ತು. ನಮ್ಮದು ಜಿಡ್ಡು ಜಿಡ್ಡು, ಸೋಪಿಗೂ ಜಗ್ಗಲಿಲ್ಲ. ಮಲೆನಾಡಿನ ಗಾಳಿ ಅಂತ ಜಾಸ್ತಿ ಜಂಬ ಬೇಡ. ತುಂಗೆ ಕಡೆ ಮಂಜು ಕೂತ ಬೆಳಿಗ್ಗೆ ತಣ್ಣನೆ ಗಾಳಿ ಕೆಳಗೇ ಇರುತ್ತೆ, ಬಸ್ ಸ್ಟ್ಯಾಂಡಿನ ಹೊಗೆ ಮೇಲೆ ಏಳೋದೇ ಇಲ್ಲ.

ಪಿಕಪ್ ಮೈಲೇಜ್ 9ರಿಂದ 11ಕ್ಕೆ ಏರಿದೆ. ಓನರ್ ಕೈಯಿಂದ ಒಟ್ಟು 15 ಸಾವಿರ ಹೋಯ್ತು, ಹೋಸ್ ಮೊದಲೇ ನೋಡಿದ್ದರೆ 3 ಸಾವಿರದಲ್ಲಿ ಮುಗಿಯುತ್ತಿತ್ತು. ಎಂಡ್ ಕ್ಯಾಪನ್ನು ಪಕ್ಕದ ಶೆಡ್‌ನವರು ಈಗಾಗಲೇ ಎರಡು ಸಲ ಕಡ ಒಯ್ದಿದ್ದಾರೆ. ಎರಡನೇ ಸಲ ವಾಲ್ವ್ ಮುರಿದು ತಂದುಕೊಟ್ಟರು.