ದಾಯಾದಿಗಳ ದಾಖಲೆ: ಒಂದು ಡಿಎನ್ಎ ಚರ್ಚೆಯ ಅನುಭವ

ಮಂಡ್ಯದ ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರ ಬೋಧಿಸುವ ನಾನು, ವಿಕಾಸದ ಪಾಠ ಮುಗಿದ ಮೇಲೆ ಪ್ರತಿವರ್ಷ ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಿಗೆ ಒಂದು ಚರ್ಚಾಕೂಟ ಏರ್ಪಡಿಸುತ್ತೇನೆ. ಮನುಷ್ಯ ಮತ್ತು ಚಿಂಪಾಂಜಿ, ಗೊರಿಲ್ಲಾಗಳಂಥ ವಾನರರ ನಂಟಿನ ಬಗ್ಗೆ ಡಿಎನ್ಎ ಏನು ಹೇಳುತ್ತದೆ ಎಂಬುದು ವಿಷಯ. ಮೊದಲ ವರ್ಷ, ನಂಟು ಇದೆ ಎನ್ನುವ ಪರ ತಂಡದ ಕೈಗೆ ನಾನು ಕೊಟ್ಟಿದ್ದು ಒಂದೇ ಅಸ್ತ್ರ: ಚಿಂಪಾಂಜಿಗೂ ನಮಗೂ ಶೇ. 98.8ರಷ್ಟು ಡಿಎನ್ಎ ಒಂದೇ. ಎದುರು ತಂಡದ ಹುಡುಗಿಯೊಬ್ಬಳು ಎದ್ದು, “ಬಾಳೆಗೂ ನಮಗೂ ಅರ್ಧಕ್ಕರ್ಧ ಒಂದೇ ಅಂತಾರಲ್ಲ ಸಾರ್, ಹಂಗಾದ್ರೆ ನಾನು ಅರ್ಧ ರಸಬಾಳೆಯಾ?” ಎಂದಳು. ಇಡೀ ತರಗತಿ ನಕ್ಕಿತು, ಚರ್ಚೆ ಅಲ್ಲಿಗೇ ಮುಗಿಯಿತು.

ಬಾಳೆಯ ಲೆಕ್ಕ ಡಿಎನ್ಎಯ ಎ, ಟಿ, ಜಿ, ಸಿ ಎಂಬ ರಾಸಾಯನಿಕ ಅಕ್ಷರಗಳದ್ದಲ್ಲ, ಪರಸ್ಪರ ಹೋಲುವ ಜೀನ್‌ಗಳದ್ದು ಎಂದು ಆಗಲೇ ಹೇಳಬಹುದಿತ್ತು, ನನಗೆ ಹೊಳೆಯಲಿಲ್ಲ. ಆದರೆ ತಪ್ಪು ನನ್ನ ಅಸ್ತ್ರದಲ್ಲೇ ಇತ್ತು. 2005ರಲ್ಲಿ ಚಿಂಪಾಂಜಿ ಜಿನೋಮ್‌ನ, ಅಂದರೆ ಅದರ ಇಡೀ ಡಿಎನ್ಎ ಪಠ್ಯದ, ಕರಡು ಪ್ರಕಟವಾದಾಗ, ಸುಮಾರು 300 ಕೋಟಿ ಅಕ್ಷರಗಳಲ್ಲಿ ಒಂಟಿ ಅಕ್ಷರದ ವ್ಯತ್ಯಾಸಗಳು 3.5 ಕೋಟಿ ಎಂದು ತಿಳಿದುಬಂದಿತು, ಆ ಶೇಕಡಾವಾರು ಹುಟ್ಟಿದ್ದು ಅಲ್ಲಿಂದ. ಒಂದೆಡೆ ಸೇರಿಕೊಂಡ, ಇನ್ನೊಂದೆಡೆ ಬಿಟ್ಟುಹೋದ ತುಣುಕುಗಳು ಬೇರೆಯೇ 50 ಲಕ್ಷದಷ್ಟಿದ್ದವು. 2025ರಲ್ಲಿ ಬಂದ ಸಂಪೂರ್ಣ ಜಿನೋಮ್‌ಗಳಲ್ಲಿ ಒಂದಕ್ಕೊಂದು ಹೊಂದಿಸಲಾಗದ ಭಾಗಗಳನ್ನೂ ಎಣಿಸಿದರೆ ವ್ಯತ್ಯಾಸ ಶೇ. 12ನ್ನು ಮೀರುತ್ತದೆ. ಎಣಿಸುವ ಬಗೆ ಬದಲಾದರೆ ಅಂಕಿಯೂ ಬದಲಾಗುತ್ತದೆ. ಯಾವ ಬಗೆಯಲ್ಲಿ ಎಣಿಸಿದರೂ ಒಟ್ಟು ಲೆಕ್ಕದಲ್ಲಿ ಗೊರಿಲ್ಲಾಕ್ಕಿಂತ ಚಿಂಪಾಂಜಿಯೇ ನಮಗೆ ಹತ್ತಿರ. ಹೇಳಬೇಕಾಗಿದ್ದ ಆ ಮಾತನ್ನು ನಾನು ಹೇಳಿರಲಿಲ್ಲ.

ಮರುವರ್ಷ ಶೇಕಡಾವಾರನ್ನು ಬದಿಗಿಟ್ಟು ಕತ್ತರಿ ತರಿಸಿದೆ. 1982ರಲ್ಲಿ ಯೂನಿಸ್ ಮತ್ತು ಪ್ರಕಾಶ್ ಎಂಬ ವಿಜ್ಞಾನಿಗಳು ಪ್ರಕಟಿಸಿದ್ದ, ಮನುಷ್ಯ ಮತ್ತು ಮೂರು ವಾನರರ ವರ್ಣತಂತುಗಳನ್ನು (ಡಿಎನ್ಎ ಹೊತ್ತ ಕ್ರೋಮೊಸೋಮ್‌ಗಳನ್ನು) ಅಕ್ಕಪಕ್ಕ ಇಟ್ಟು ತೋರಿಸುವ ಚಿತ್ರವನ್ನು ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿ, ಒಂದೊಂದು ವರ್ಣತಂತುವನ್ನೂ ಬೇರೆಬೇರೆಯಾಗಿ ಕತ್ತರಿಸಿ ಮೇಜಿನ ಮೇಲೆ ಹರಡಿದೆ. ನಮ್ಮಲ್ಲಿ 46, ಅಂದರೆ 23 ಜೊತೆ; ಚಿಂಪಾಂಜಿಯಲ್ಲಿ 48, ಅಂದರೆ 24 ಜೊತೆ. ಹಾಗಿರುವಾಗ ಬಂಧುತ್ವ ಎಲ್ಲಿಯದು ಎಂಬುದು ವಿರೋಧ ತಂಡದ ವಾದ. ಮಕ್ಕಳು ಕಪ್ಪುಬಿಳಿ ಪಟ್ಟೆಗಳನ್ನು ನೋಡಿ ಜೋಡಿ ಹುಡುಕುತ್ತ ಹೋದರು. ನಮ್ಮ ಎರಡನೆಯ ವರ್ಣತಂತುವಿಗೆ ಮಾತ್ರ ಜೋಡಿ ಸಿಗಲಿಲ್ಲ, ಚಿಂಪಾಂಜಿಯ ಎರಡು ಚಿಕ್ಕ ತುಂಡುಗಳು ಉಳಿದವು. ಅವುಗಳನ್ನು ತುದಿಗೆ ತುದಿ ತಾಗಿಸಿದಾಗ ಪಟ್ಟೆಗೆ ಪಟ್ಟೆ ಕೂಡಿತು. ಎರಡು ಪಂಚೆಗಳನ್ನು ಸೇರಿಸಿ ಹೊಲಿದರೆ ಕೊನೆಯಲ್ಲಿರಬೇಕಾದ ಅಂಚು ನಡುವೆ ಬರುವಂತೆ, ವರ್ಣತಂತುವಿನ ತುದಿಯಲ್ಲಿ ಮಾತ್ರ ಇರಬೇಕಾದ ಟಿಟಿಎಜಿಜಿಜಿ ಎಂಬ ಸಾಲುಗಳು ನಮ್ಮ ಎರಡನೆಯ ವರ್ಣತಂತುವಿನ ಆ ಬೆಸುಗೆಯಲ್ಲಿ ಎದುರುಬದುರಾಗಿ ಕೂತಿರುವುದು 1991ರಲ್ಲೇ ಪತ್ತೆಯಾಗಿತ್ತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಈ ಬೆಸುಗೆ ಆದದ್ದು ನಮ್ಮ ಕವಲು ಬೇರೆಯಾದ ನಂತರ. ಅಳಿದುಹೋದ ಪ್ರಾಚೀನ ಮಾನವರಾದ ಡೆನಿಸೋವನ್ನರಲ್ಲೂ ಅದು ಇತ್ತು, ಚಿಂಪಾಂಜಿಯಲ್ಲಿ ಇಲ್ಲ. ಆದ್ದರಿಂದ ಅದು 46 ಮತ್ತು 48ರ ಒಗಟನ್ನು ಬಿಡಿಸುತ್ತದೆಯೇ ಹೊರತು ನೆಂಟಸ್ತಿಕೆಗೆ ನೇರ ಸಾಕ್ಷಿಯಲ್ಲ. ನೆಂಟಸ್ತಿಕೆಯನ್ನು ಹೇಳುವುದು ಪಟ್ಟೆಗಳ ಹೊಂದಾಣಿಕೆ, ಮತ್ತು ಅದಕ್ಕಿಂತ ಗಟ್ಟಿಯಾಗಿ, ಇಬ್ಬರಲ್ಲೂ ಇರುವ ಒಂದೇ ತಪ್ಪು.

ಅದನ್ನು ವಿವರಿಸಲು ನಾನು ಮನೆಯ ಪಹಣಿಯ ಕಥೆ ಹೇಳಿದೆ. ಮುತ್ತಾತನ ಹೆಸರನ್ನು ಬರೆಯುವಾಗ ಯಾರೋ ಒಂದು ಒತ್ತಕ್ಷರ ಬಿಟ್ಟಿದ್ದಾರೆ. ನಮ್ಮ ಪತ್ರದಲ್ಲೂ, ದೊಡ್ಡಪ್ಪನ ಮಕ್ಕಳ ಪತ್ರದಲ್ಲೂ ಅದೇ ಒತ್ತಕ್ಷರ ಇಲ್ಲ. ಇಬ್ಬರೂ ಒಂದೇ ಮೂಲಪತ್ರದಿಂದ ನಕಲು ಪಡೆದವರೆಂದು ತಿಳಿಯಲು ಆ ತಪ್ಪೇ ಸಾಕು. ಸಿ ಜೀವಸತ್ವ ತಯಾರಿಸುವ ಗುಲೋ ಎಂಬ ಜೀನ್ ಹೀಗೆಯೇ. ಆಡು, ಹಸು, ನಾಯಿಗಳು ಆ ಜೀವಸತ್ವವನ್ನು ತಮ್ಮ ದೇಹದಲ್ಲೇ ತಯಾರಿಸಿಕೊಳ್ಳುತ್ತವೆ. ಮನುಷ್ಯನಲ್ಲಿ, ಚಿಂಪಾಂಜಿಯಲ್ಲಿ, ಚಾಮುಂಡಿ ಬೆಟ್ಟದ ಕೋತಿಯಲ್ಲೂ ಆ ಜೀನ್ ಕೆಟ್ಟುಹೋಗಿದೆ. ಅದಕ್ಕೇ ನಮಗೆ ನೆಲ್ಲಿಕಾಯಿ ಬೇಕು. “ಗಿನಿಯಿಲಿಗೂ ಅದು ಕೆಟ್ಟಿದೆಯಲ್ಲ ಸಾರ್?” ಎಂದು ಹುಡುಗನೊಬ್ಬ ಕೇಳಿದ. ಅದು ಒಳ್ಳೆಯ ಪ್ರಶ್ನೆ. ಗಿನಿಯಿಲಿಯಲ್ಲಿ ಕಳೆದುಹೋಗಿರುವ ತುಂಡುಗಳು ಬೇರೆ, ನಮ್ಮಲ್ಲಿ ಕಳೆದುಹೋಗಿರುವ ತುಂಡುಗಳು ಬೇರೆ. ಅದು ಇನ್ನೊಂದು ಮನೆತನದ ಪತ್ರದಲ್ಲಿ ಆದ ಇನ್ನೊಂದು ತಪ್ಪು. ಆಮೇಲೆ ಚಿಂಪಾಂಜಿಯನ್ನು ಯಾರೂ ಅಜ್ಜ ಎನ್ನಲಿಲ್ಲ, ದಾಯಾದಿ ಎಂದೇ ಕರೆದರು.

ಅದೇ ವರ್ಷ ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯಕ್ಕೆ ಹೋಗಿ, 2021ರಲ್ಲಿ ಜರ್ಮನಿಯಿಂದ ಬಂದ ಥಾಬೊ ಮತ್ತು ಡೆಂಬಾ ಎಂಬ ಗೊರಿಲ್ಲಾಗಳ ಮುಂದೆ ನಿಂತೆವು. ಗೊರಿಲ್ಲಾ ನಮ್ಮಿಂದ ಎಲ್ಲ ಜೀನ್‌ಗಳಲ್ಲೂ ಅಷ್ಟೇ ದೂರವೇ ಎಂದು ಒಬ್ಬಳು ಕೇಳಿದಳು. ಅಲ್ಲ. 2012ರಲ್ಲಿ ಗೊರಿಲ್ಲಾ ಜಿನೋಮ್ ಓದಿದವರಿಗೆ, ಸುಮಾರು ಶೇ. 30ರಷ್ಟು ಭಾಗದಲ್ಲಿ, ಮನುಷ್ಯ ಮತ್ತು ಚಿಂಪಾಂಜಿ ಪರಸ್ಪರ ಹತ್ತಿರವಿರುವುದಕ್ಕಿಂತ ಗೊರಿಲ್ಲಾವೇ ಅವರಿಬ್ಬರಲ್ಲಿ ಒಬ್ಬರಿಗೆ ಹೆಚ್ಚು ಹತ್ತಿರವಿರುವುದು ಕಂಡಿತ್ತು. ಅಜ್ಜಿಯ ಗುಂಗುರು ಕೂದಲು ಅಣ್ಣನಿಗೂ ದೊಡ್ಡಪ್ಪನ ಮಗನಿಗೂ ಬಂದು ತಮ್ಮನಿಗೆ ಬಾರದೆ ಹೋದಂತೆ, ಪೂರ್ವಜರ ಗುಂಪಿನಲ್ಲಿದ್ದ ಹಲವು ಪಾಠಾಂತರಗಳು, ಅಂದರೆ ಒಂದೇ ಡಿಎನ್ಎ ಸಾಲಿನ ಬೇರೆಬೇರೆ ರೂಪಗಳು, ಕವಲುಗಳಿಗೆ ಹೇಗೆಂದರೆ ಹಾಗೆ ಹಂಚಿಹೋಗಿವೆ. ಅವಳಿಗೆ ಈ ಉತ್ತರ ಪೂರ್ತಿ ಹಿಡಿಸಲಿಲ್ಲ. ಬಸ್ಸಿನಲ್ಲಿ ಶ್ರೀರಂಗಪಟ್ಟಣ ದಾಟುವವರೆಗೂ ವಾದಿಸುತ್ತಿದ್ದಳು. ಮುಂದಿನ ಬ್ಯಾಚಿನ ಚರ್ಚೆಗೆ ಆ ಶೇ. 30ನ್ನೇ ವಿಷಯವಾಗಿ ಇಟ್ಟಿದ್ದೇನೆ.