ಬೈಲಿನ ಕಪ್ಪಾಮೆಯ ಶುಶ್ರೂಷೆ: ನನ್ನ ಅನುಭವ

ಮುಂಗಾರು ಆರಂಭವಾಗುತ್ತಿದ್ದಂತೆ ಉಡುಪಿಯ ಆಸುಪಾಸಿನ ಬೈಲುಗಳಲ್ಲಿ ಕಪ್ಪಾಮೆಗಳು ಕೆರೆ, ಮದಗ, ತೋಡುಗಳಿಂದ ಹೊರಬಂದು ಗದ್ದೆಯ ಹುಣಿಯ (ಬದುವಿನ) ಮೇಲೂ ರಸ್ತೆಯ ಬದಿಯಲ್ಲೂ ಕಾಣಿಸಿಕೊಳ್ಳುತ್ತವೆ. ಬೆನ್ನಿನ ಚಿಪ್ಪಿನ ಮೇಲೆ ಉದ್ದಕ್ಕೂ ಮೂರು ಏಣುಗಳಿರುವ ಈ ಆಮೆಗಳಲ್ಲಿ ಹೆಚ್ಚಿನವು ಆರೋಗ್ಯವಾಗಿಯೇ ಇರುತ್ತವೆ. ಅವುಗಳನ್ನು ಮುಟ್ಟುವ ಅಗತ್ಯವಿಲ್ಲ. ರಸ್ತೆ ದಾಟುತ್ತಿದ್ದರೆ ಅದು ಯಾವ ದಿಕ್ಕಿಗೆ ಹೊರಟಿತ್ತೋ ಅದೇ ದಿಕ್ಕಿನ ಅಂಚಿಗೆ ತಲುಪಿಸಿದರೆ ಸಾಕು. ಆದರೆ ಬ್ರಹ್ಮಾವರದ ಸಮೀಪದ ಬೈಲೊಂದರಲ್ಲಿ ಕೃಷಿಕರೊಬ್ಬರು ನನಗೆ ತೋರಿಸಿದ ಆಮೆ ಹಾಗಿರಲಿಲ್ಲ. ಕೈಯಲ್ಲಿ ಎತ್ತಿದರೂ ತಲೆಯನ್ನು ಒಳಗೆ ಎಳೆದುಕೊಳ್ಳಲಿಲ್ಲ. ಎರಡೂ ಕಣ್ಣುಗಳು ಊದಿ ಮುಚ್ಚಿಕೊಂಡಿದ್ದವು, ಎಡಗಣ್ಣಿನ ಹಿಂದೆ ಕಿವಿಯ ಪೊರೆ ಇರುವ ಜಾಗದಲ್ಲಿ ಅಡಿಕೆಯಷ್ಟು ದೊಡ್ಡ ಗಂಟು ಎದ್ದಿತ್ತು, ಉಸಿರು ಬಿಟ್ಟಾಗಲೆಲ್ಲ ಮೂಗಿನ ಹೊಳ್ಳೆಯಲ್ಲಿ ಒಂದು ಗುಳ್ಳೆ ಮೂಡಿ ಒಡೆಯುತ್ತಿತ್ತು.

ಮೊದಲು ಮಾಡಿದ ಕೆಲಸ ಅರಣ್ಯ ಇಲಾಖೆಗೆ ತಿಳಿಸಿದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂತಹ ಆಮೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ, ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ ಸರಿ. ಗಾಯಗೊಂಡ ಉರಗಗಳ ಆರೈಕೆಯಲ್ಲಿ ನಾನು ಇಲಾಖೆಯವರ ಜೊತೆ ಕೈಜೋಡಿಸುತ್ತ ಬಂದಿರುವುದರಿಂದ, ಉಪ ವಲಯ ಅರಣ್ಯಾಧಿಕಾರಿಯವರು ಪಶುವೈದ್ಯರ ಮೇಲ್ವಿಚಾರಣೆಯಲ್ಲಿ ಇದನ್ನು ನೋಡಿಕೊಳ್ಳಲು ಒಪ್ಪಿಗೆ ನೀಡಿದರು. ಸಿಕ್ಕಿದ ಜಾಗ, ದಿನ, ತೂಕ ಮೂರನ್ನೂ ಆಗಲೇ ಬರೆದಿಟ್ಟೆ. ಕೊನೆಗೆ ಅದನ್ನು ಎಲ್ಲಿಗೆ ಹಿಂತಿರುಗಿಸಬೇಕೆಂಬುದು ಆ ಟಿಪ್ಪಣಿಯಿಂದಲೇ ನಿರ್ಧಾರವಾಗುವುದರಿಂದ ಇದರಲ್ಲಿ ಉದಾಸೀನ ಸಲ್ಲದು.

ಕಾಯಿಲೆಯ ಆಮೆ ಕೈಗೆ ಬಂದೊಡನೆ ಏನಾದರೂ ತಿನ್ನಿಸಬೇಕೆಂದು ಮನಸ್ಸು ಅವಸರಪಡುತ್ತದೆ. ಆದರೆ ನಾನು ಪಾಲಿಸುವ ಕ್ರಮದಲ್ಲಿ ಮೊದಲು ಬೆಚ್ಚನೆಯ ಜಾಗ, ಆಮೇಲೆ ನೀರು, ಅನಂತರ ಔಷಧ, ಎಲ್ಲಕ್ಕಿಂತ ಕೊನೆಗೆ ಆಹಾರ. ಆಮೆಗೆ ತನ್ನ ದೇಹದ ಶಾಖವನ್ನು ತಾನೇ ಉತ್ಪಾದಿಸಿಕೊಳ್ಳಲು ಆಗುವುದಿಲ್ಲ. ಮೈ ತಣ್ಣಗಿದ್ದರೆ ಜೀರ್ಣಶಕ್ತಿ ಕುಂದುತ್ತದೆ, ರೋಗನಿರೋಧಕ ಶಕ್ತಿ ಕುಂದುತ್ತದೆ, ಚುಚ್ಚಿದ ಔಷಧವೂ ಸರಿಯಾಗಿ ಹರಡುವುದಿಲ್ಲ. ಅಗಲವಾದ ಪ್ಲಾಸ್ಟಿಕ್ ಟಬ್ಬಿನ ಅರ್ಧಕ್ಕೆ ಒದ್ದೆ ಮಾಡಿ ಹಿಂಡಿದ ಗೋಣಿಯನ್ನೂ ಉಳಿದರ್ಧಕ್ಕೆ ತರಗೆಲೆಗಳನ್ನೂ ಹಾಕಿ, ಒಂದು ತುದಿಯ ಮೇಲೆ ಕೋಳಿಮರಿಗಳಿಗೆ ಹಾಕುವಂಥ ಬಲ್ಬನ್ನು ತೂಗುಹಾಕಿದೆ. ಬಲ್ಬಿನ ಕೆಳಗೆ 29–30 ಡಿಗ್ರಿ, ಇನ್ನೊಂದು ತುದಿಯಲ್ಲಿ 26 ಡಿಗ್ರಿ ಸೆಲ್ಸಿಯಸ್ ಇರುವಂತೆ ಉಷ್ಣಮಾಪಕವಿಟ್ಟು ನೋಡಿಕೊಂಡೆ. ಬೇಕಾದ ಕಡೆಗೆ ಸರಿದುಕೊಳ್ಳುವ ಆಯ್ಕೆ ಆಮೆಗಿರಬೇಕು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಕರೆಂಟ್ ಹೋಗದ ದಿನವೇ ಇಲ್ಲವೆನ್ನಬಹುದು. ಆಗೆಲ್ಲ ಬಿಸಿನೀರು ತುಂಬಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಟಬ್ಬಿನ ಮೂಲೆಯಲ್ಲಿ ಇಡುತ್ತಿದ್ದೆ. ಬಚ್ಚಲಿನ ಒಲೆಯ ಬಳಿ ಇಟ್ಟರೆ ಬೆಚ್ಚಗಿರುತ್ತದಲ್ಲ ಎಂದು ಮನೆಯವರು ಹೇಳಿದರೂ, ಉಸಿರಾಟದ ತೊಂದರೆಯಿರುವ ಪ್ರಾಣಿಗೆ ಹೊಗೆ ವಿಷಕ್ಕೆ ಸಮವೆಂದು ಅದನ್ನು ಕೈಬಿಟ್ಟೆವು.

ನೀರಿನ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ನೀರಿನಲ್ಲೇ ಬದುಕುವ ಪ್ರಾಣಿಯೆಂದು ತುಂಬಿದ ಬಕೆಟಿಗೆ ಬಿಟ್ಟರೆ ನಿಶ್ಶಕ್ತ ಆಮೆ ಮುಳುಗಿ ಸಾಯಬಹುದು. ಪ್ರತಿದಿನ ಬೆಳಿಗ್ಗೆ ಉಗುರುಬೆಚ್ಚಗಿನ ನೀರನ್ನು ಅದರ ಗದ್ದಕ್ಕಿಂತ ಕೆಳಗೆ ನಿಲ್ಲುವಷ್ಟು ಮಾತ್ರ ಹಾಕಿ ಸುಮಾರು ಅರ್ಧ ಗಂಟೆ ಕೂರಿಸುತ್ತಿದ್ದೆ. ಮೊದಮೊದಲು ಅಲುಗಾಡದೆ ಇದ್ದ ಆಮೆ ಕೆಲವು ದಿನಗಳಲ್ಲಿ ಕತ್ತು ಬಾಗಿಸಿ, ಗಂಟಲು ಏರಿಳಿಸುತ್ತ ನೀರು ಕುಡಿಯತೊಡಗಿತು; ನೀರಿನಲ್ಲಿಯೇ ಮಲಮೂತ್ರ ವಿಸರ್ಜಿಸಿತು. ಮೂತ್ರಪಿಂಡ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದೇ ಆಧಾರವಾದ್ದರಿಂದ ಆ ಕೊಳೆನೀರನ್ನು ಕಂಡು ನನಗೆ ಆದ ನೆಮ್ಮದಿ ಅಷ್ಟಿಷ್ಟಲ್ಲ.

ಕಿವಿಯ ಗಂಟು ಕೀವಿನದು ಎಂದು ವೈದ್ಯರು ಖಚಿತಪಡಿಸಿದರು. ಆಮೆಯ ಕೀವು ನಮ್ಮದರಂತೆ ದ್ರವವಾಗಿರದೆ ಗಟ್ಟಿಯಾದ ಗಿಣ್ಣಿನಂತೆ ಹೆಪ್ಪುಗಟ್ಟಿರುತ್ತದೆ. ಆದ್ದರಿಂದ ಹಿಂಡಿದರೆ ಬರುವುದಿಲ್ಲ, ಬರೀ ಔಷಧದಿಂದ ಕರಗುವುದೂ ಇಲ್ಲ. ಅರಿವಳಿಕೆ ಕೊಟ್ಟು, ಪೊರೆಯನ್ನು ಸೀಳಿ, ಹಳದಿ ಬಣ್ಣದ ಆ ಗಡ್ಡೆಯನ್ನು ಒಂದು ಚೂರೂ ಉಳಿಯದಂತೆ ತೆಗೆದು, ಒಳಗಿನಿಂದಲೇ ಮಾಗಿ ಬರಲೆಂದು ಗಾಯವನ್ನು ಹೊಲಿಯದೆ ಬಿಟ್ಟರು. ಅನಂತರ ಅವರು ಹೇಳಿಕೊಟ್ಟಂತೆ ಪೊವಿಡೋನ್ ಅಯೋಡಿನ್ ಅನ್ನು ತಿಳಿ ಕಂದು ಬಣ್ಣ ಬರುವಷ್ಟು ನೀರಾಗಿಸಿ ಗಾಯ ತೊಳೆಯುವುದು ನನ್ನ ಪಾಲಿನ ಕೆಲಸವಾಯಿತು. ಮೂಗಿನ ಗುಳ್ಳೆಗೆ ಕಾರಣವಾದ ಸೋಂಕಿಗೆ ಚುಚ್ಚುಮದ್ದು ಬೇಕಾಯಿತು. ಆಮೆಗೆ ನಮ್ಮಂತೆ ವಪೆ (ಎದೆ ಮತ್ತು ಹೊಟ್ಟೆಯ ನಡುವೆ ಇದ್ದು ಉಸಿರಾಟಕ್ಕೆ ನೆರವಾಗುವ ಸ್ನಾಯುಪದರ) ಇಲ್ಲ, ಕೆಮ್ಮಿ ಕಫ ಹೊರಹಾಕುವ ಸಾಮರ್ಥ್ಯವಿಲ್ಲ. ಶ್ವಾಸಕೋಶದ ಸೋಂಕು ತಾನಾಗಿ ಕಡಿಮೆಯಾಗಲೆಂದು ಕಾಯುವಂತಿಲ್ಲ. ಚುಚ್ಚುಮದ್ದನ್ನು ಮುಂಗಾಲಿಗೆ ಕೊಡುವುದು ರೂಢಿ, ಏಕೆಂದರೆ ಹಿಂಗಾಲಿನ ರಕ್ತ ಮೂತ್ರಪಿಂಡದ ಮೂಲಕ ಹಾದುಹೋಗುವ ಸಂಭವವಿದೆ. ಆಮೆಯ ದೇಹದಿಂದ ಔಷಧ ನಿಧಾನವಾಗಿ ಹೊರಹೋಗುವುದರಿಂದ ಕೆಲವು ಔಷಧಗಳನ್ನು ಮೂರು ದಿನಗಳಿಗೊಮ್ಮೆ ಕೊಟ್ಟರೆ ಸಾಕಾಗುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ದನ, ನಾಯಿಗಳ ಹುಳು ಮತ್ತು ಉಣ್ಣಿಯ ನಿವಾರಣೆಗೆ ಎಲ್ಲೆಡೆ ಬಳಸುವ ಐವರ್ಮೆಕ್ಟಿನ್ ಆಮೆಗಳಿಗೆ ಮಾರಕ. ಹಟ್ಟಿಯಲ್ಲಿ ಉಳಿದ ಔಷಧವನ್ನು ಸ್ವಲ್ಪ ಕೊಟ್ಟರೆ ತೊಂದರೆಯಾಗದು ಎಂಬ ಅಂದಾಜಿನಿಂದ ಯಾರೂ ಅದನ್ನು ಆಮೆಯ ಹತ್ತಿರ ತರಬಾರದು.

ಈ ಕಿವಿಬಾವಿಗೆ ಎ ಜೀವಸತ್ವದ ಕೊರತೆಯ ಸಂಬಂಧವಿದೆ. ಅಮೆರಿಕದ ವರ್ಜೀನಿಯಾದಲ್ಲಿ ಕಾಡಿನ ಬಾಕ್ಸ್ ಟರ್ಟಲ್ ಎಂಬ ಜಾತಿಯ ಆಮೆಗಳನ್ನು ಪರೀಕ್ಷಿಸಿದ ವೈದ್ಯರು ಈ ಬಾವನ್ನು ಆರ್ಗನೋಕ್ಲೋರಿನ್ ಕೀಟನಾಶಕಗಳ ಜೊತೆಗೂ ತಳಕುಹಾಕಿದ್ದಾರೆ. ಎಂಡೋಸಲ್ಫಾನ್ ಅದೇ ಗುಂಪಿಗೆ ಸೇರಿದ್ದು. ನಮ್ಮ ಜಿಲ್ಲೆಗಳ ಗೇರು ತೋಟಗಳು ಅದರ ಸಿಂಪಡಣೆಯನ್ನು ಕಂಡಿವೆ, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು. ನನ್ನ ಕೈಗೆ ಬಂದ ಒಂದು ಆಮೆಯ ಬಾವಿಗೆ ಅದೇ ಕಾರಣವೆಂದು ನಾನು ಹೇಳಲಾರೆ. ಆದರೂ ಬೈಲಿಗೆ ಇಳಿದುಬರುವ ನೀರಿನಲ್ಲಿ ಏನೇನಿದೆ ಎಂಬ ಚಿಂತೆ ಆ ಗಾಯವನ್ನು ತೊಳೆಯುವಾಗಲೆಲ್ಲ ಕಾಡುತ್ತಿತ್ತು. ಕೊರತೆಯೆಂದು ಜೀವಸತ್ವದ ಚುಚ್ಚುಮದ್ದನ್ನು ಧಾರಾಳವಾಗಿ ಕೊಡುವಂತೆಯೂ ಇಲ್ಲ. ಅತಿಯಾದರೆ ಚರ್ಮವೇ ಸುಲಿದುಬರುತ್ತದೆ. ಆಹಾರದಿಂದ ಸರಿಪಡಿಸುವುದು ಕ್ಷೇಮ.

ಕಣ್ಣು ತೆರೆದ ಮೇಲೆಯೇ ಆಹಾರವಿಟ್ಟೆ. ನೆಲದ ಮೇಲೆ ಹೊರಳುವ ಎರೆಹುಳುವನ್ನು ಕಂಡಾಗ ಆಮೆ ಕತ್ತನ್ನು ನಿಧಾನವಾಗಿ ಚಾಚಿ, ತಲೆ ವಾಲಿಸಿ ನೋಡಿ, ಒಮ್ಮೆಲೇ ಬಾಯಿ ಹಾಕಿತು. ಮಾಗಿದ ಪಪ್ಪಾಯಿ, ಸಿಹಿಗುಂಬಳ, ಸಣ್ಣ ಮೀನನ್ನು ಇಡಿಯಾಗಿ ಕೊಟ್ಟೆ. ಅನ್ನ, ಬ್ರೆಡ್, ಹಾಲು ಕೊಡಲೇಬಾರದು. ಅಡಿಕೆಗೆ ಬೋರ್ಡೋ ದ್ರಾವಣ (ಮೈಲುತುತ್ತು ಮತ್ತು ಸುಣ್ಣದ ಶಿಲೀಂಧ್ರನಾಶಕ) ಹೊಡೆದ ತೋಟದಿಂದ ಎರೆಹುಳುವನ್ನಾಗಲಿ ಬಸವನಹುಳುವನ್ನಾಗಲಿ ನಾನು ತರುವುದಿಲ್ಲ. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡುವುದು ತಪ್ಪಲಿಲ್ಲ.

ನೋಡಲು ಬರುತ್ತಿದ್ದ ನೆರೆಮನೆಯ ಮಕ್ಕಳಿಗೆ ದೂರದಿಂದಲೇ ತೋರಿಸಿದೆ. ಆಮೆಯ ಮೈಮೇಲೆ ಸಾಲ್ಮೊನೆಲ್ಲಾ ರೋಗಾಣು ಇರಬಹುದಾದ್ದರಿಂದ ಅದರ ಪಾತ್ರೆಗಳನ್ನು ಅಡುಗೆಮನೆಗೆ ತರಲಿಲ್ಲ, ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಬೇರೇನನ್ನೂ ಮುಟ್ಟಲಿಲ್ಲ. ಅದಕ್ಕೆ ಹೆಸರಿಡಲಿಲ್ಲ, ಕೈಯಿಂದ ಉಣಿಸಲಿಲ್ಲ. ಮನುಷ್ಯರ ಭಯ ಹೋದ ಕಾಡುಪ್ರಾಣಿ ಗುಣವಾದಂತಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬಿಡುವ ಮೊದಲು ನಾನು ಗಮನಿಸಿದ್ದು ಇವಿಷ್ಟು: ನನ್ನ ನೆರಳು ಬಿದ್ದೊಡನೆ ತಲೆ ಒಳಸೇರಬೇಕು, ಕವುಚಿ ಬಿದ್ದರೆ ತಾನೇ ತಿರುಗಿಕೊಳ್ಳಬೇಕು, ಔಷಧ ನಿಲ್ಲಿಸಿದ ಮೇಲೂ ಮೂಗು ಒಣಗಿಯೇ ಇರಬೇಕು, ಆಳದ ನೀರಿನಲ್ಲಿ ಒಂದು ಪಕ್ಕಕ್ಕೆ ವಾಲದೆ ಈಜಿ ಮುಳುಗಬೇಕು. ಒಂದು ಶ್ವಾಸಕೋಶದಲ್ಲಿ ಸೋಂಕು ಉಳಿದಿದ್ದರೆ ಆಮೆ ಓರೆಯಾಗಿ ತೇಲುತ್ತದೆ. ಇವೆಲ್ಲ ಸರಿಯಿದೆಯೆಂದು ವೈದ್ಯರು ಒಪ್ಪಿದಾಗ ಮಳೆ ಇನ್ನೂ ಇತ್ತು, ಬೈಲಿನಲ್ಲಿ ನೀರಿತ್ತು. ಅದು ಬೇಸಗೆಯಾಗಿದ್ದರೆ ಕಾಯುತ್ತಿದ್ದೆ.

ಈ ಮಧ್ಯೆ ಸಲಹೆಗಳಿಗೆ ಕೊರತೆಯಿರಲಿಲ್ಲ. "ನಮ್ಮ ಬಾವಿಗೇ ಬಿಡಿ ಮಾರಾಯ್ರೆ, ನೀರು ಚೊಕ್ಕ ಇರ್ತದೆ" ಎಂದರು ಒಬ್ಬರು. ದೇವಸ್ಥಾನದ ಕೆರೆ ಸುರಕ್ಷಿತ ಎಂದರು ಇನ್ನೊಬ್ಬರು. ಕಡಿದಾದ ಬಾವಿಯಿಂದ ಆಮೆ ಹತ್ತಿಬರಲಾರದು, ಅಲ್ಲಿ ಬಿಸಿಲಿಲ್ಲ, ಸಂಗಾತಿಯಿಲ್ಲ, ಮೊಟ್ಟೆಯಿಡಲು ಮಣ್ಣಿಲ್ಲ. ಬೇರೆ ಕೆರೆಗೆ ಬಿಟ್ಟರೆ ಇದರ ರೋಗ ಅಲ್ಲಿನ ಆಮೆಗಳಿಗೆ ತಗಲಬಹುದು. ಅಪರಿಚಿತ ಜಾಗದಲ್ಲಿ ಅಲೆಯತೊಡಗಿ ಹೆದ್ದಾರಿಗೆ ಬರಲೂಬಹುದು. ಆದ್ದರಿಂದ ಇಲಾಖೆಯ ಸಿಬ್ಬಂದಿಯ ಎದುರಿನಲ್ಲಿ ಒಂದು ಸಂಜೆ ಸಿಕ್ಕಿದ ಗದ್ದೆಯ ಪಕ್ಕದ ತೋಡಿನ ಅಂಚಿನಲ್ಲೇ ಬಿಟ್ಟೆವು. ಗದ್ದೆಯ ಯಜಮಾನರು ತೋಡಿನ ಬದಿಯ ಮುಂಡುಗದ ಪೊದೆಯನ್ನು ಸವರದೆ ಬಿಡಲು ಒಪ್ಪಿದ್ದಾರೆ. ಉಳುಮೆಗೆ ಟಿಲ್ಲರ್ ಇಳಿಸುವ ಮೊದಲು ಹುಣಿಯುದ್ದಕ್ಕೂ ಒಮ್ಮೆ ನೋಡಿ ಬರುವುದಾಗಿಯೂ ಹೇಳಿದ್ದಾರೆ.